ಅವ್ವನ ಪಥ್ಯ

ಕ್ಯಾನ್ಸರ್ ಅಂತ ಅವ್ವನ ಅರ್ಧ ಹೊಟ್ಟೆ ಕತ್ತರಿಸಿ ತೆಗೆದ ಮೇಲೆ ನಮ್ಮ ಮನೆಯಲ್ಲಿ ಒಂದೇ ಮಾತು: ನಂಬರ್. ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ರಕ್ತದಲ್ಲಿ ಗಡ್ಡೆಯ ಸುಳಿವು ಹಿಡಿಯುವ ಪರೀಕ್ಷೆ. ಕೆಲವು ತಿಂಗಳಿಗೊಮ್ಮೆ ಜೇವರ್ಗಿಯಿಂದ ಕಲಬುರಗಿಗೆ ಹೋಗಿ ರಕ್ತ ಕೊಟ್ಟು ಬರಬೇಕು. ಇಳಿದರೆ ಸಮಾಧಾನ, ಏರಿದರೆ ರೋಗ ಮರಳಿತೇನೋ ಎಂಬ ಅನುಮಾನ. ಆ ವಾರ ಬಂತೆಂದರೆ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಿದ್ದೆ.

ಹೋದ ಸಲ ಸರಿಯಾಗಿ ಆ ವಾರದಲ್ಲೇ ಅವ್ವ ಊಟ ಬಿಟ್ಟಳು. ಸ್ವಲ್ಪ ಸ್ವಲ್ಪವೇ ಮೇಲಿಂದ ಮೇಲೆ ಉಣಿಸಿ ಎಂದಿದ್ದರು ಡಾಕ್ಟರು. ಮೆತ್ತಗಿನ ಅನ್ನ, ಹಾಲಲ್ಲಿ ನೆನೆಸಿದ ರೊಟ್ಟಿ, ಏನು ಇಟ್ಟರೂ "ಸಾಕ್ ಬೇ" ಎಂದು ತಾಟು ಸರಿಸುವಳು. ರವಿಕೆ ಹೆಗಲಿಂದ ಜಾರುತ್ತಿತ್ತು. ಇವಳಿಗೆ ಬದುಕೇ ಬೇಡವಾಯಿತು ಅಂದುಕೊಂಡೆ. ಹೆದರಿಕೆ ನನ್ನ ಬಾಯಲ್ಲಿ ಸಿಟ್ಟಾಗಿಯೇ ಬರುವುದು. "ಸಾಯಬೇಕಂತ ಮಾಡಿಯೇನ್?" ಎಂದು ಒದರಿದೆ. ಅವ್ವ ಗೋಡೆ ಕಡೆ ತಿರುಗಿ ಮಲಗಿದಳು.

ರಿಪೋರ್ಟ್ ಬಂತು. ನಂಬರ್ ಏರಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಅವ್ವ ಅವರ ಮೇಲೇ ರೇಗಿದಳು. "ಹೆಂಗ್ ಏರ್ತದ್ರೀ? ವಾರ ಆತು, ಹೊಟ್ಟಿಗಿ ಸರಿಯಾಗಿ ಕೂಳು ಹಾಕಿಲ್ಲ ನಾ!"

ನಮ್ಮ ಓಣಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆಯಿಲ್ಲ. ಶುಗರ್ ತೋರಿಸುವ ಮುಂಚೆ ಅನ್ನ ಬಿಟ್ಟು, ಮೆಂತ್ಯದ ನೀರು ಕುಡಿದು, ನಂಬರ್ ಇಳಿಸಿಕೊಂಡು ಡಾಕ್ಟರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವುದು ಎಲ್ಲರಿಗೂ ರೂಢಿ. ಅವ್ವ ಕ್ಯಾನ್ಸರಿಗೂ ಅದೇ ಪಥ್ಯ ಹಿಡಿದಿದ್ದಳು. ಬದುಕಬೇಕೆಂದೇ ಹಸಿದಿದ್ದಳು. ನನಗೆ ಅಲ್ಲೇ ಅಳು ಬಂತು.

"ಇದು ಊಟಕ್ಕ ಏರಿಳಿಯೂದಲ್ಲಮ್ಮ," ಡಾಕ್ಟರು ಮೆಲ್ಲಗೆ ಹೇಳಿದರು. "ಒಂದ್ ನಂಬರ್ ನೋಡಿ ನಾವೂ ಏನೂ ಹೇಳಂಗಿಲ್ಲ. ಸ್ಕ್ಯಾನ್ ಮಾಡಿ ನೋಡೂಣು. ನೀವು ಮಾತ್ರ ಉಣ್ಣಬೇಕ್ರಿ."

ಸ್ಕ್ಯಾನ್ ಆಯಿತು. ರೋಗ ಲಿವರಿಗೆ ಹಬ್ಬಿತ್ತು. ನನ್ನೊಬ್ಬಳನ್ನೇ ಒಳಗೆ ಕರೆದು, ಇನ್ನು ವರ್ಷಗಳ ಮಾತಿಲ್ಲ, ತಿಂಗಳುಗಳ ಮಾತು ಎಂದರು.

ಹೊರಗೆ ಬೆಂಚಿನ ಮೇಲಿದ್ದ ಅವ್ವ ನನ್ನ ಮುಖ ನೋಡಿದಳು. ಡಾಕ್ಟರು ಏನಂದರೆಂದು ಕೇಳಲೇ ಇಲ್ಲ. "ಹಸಿವಾಗ್ಯಾದ, ಬುತ್ತಿ ತೆಗಿ," ಅಂದಳು. ನಾನು ಬುತ್ತಿಗಂಟು ತೆಗೆದು ಅವಳ ಮುಂದಿಟ್ಟೆ. ಅವಳೇ ಬಿಚ್ಚಿ, ರೊಟ್ಟಿ ಮುರಿದು, ಮೊದಲ ತುತ್ತು ನನ್ನ ಬಾಯಿಗೆ ತುರುಕಿದಳು.

"ನನಗ ಉಣ್ಣು ಉಣ್ಣು ಅಂತ ಬೈಕೋತ, ವಾರದಿಂದ ನೀನೂ ಉಪವಾಸೇ ಅದಿ. ಉಣ್ಣು."