ಗಣಪಣ್ಣ ‘ಬಾ’ ಎಂದೇ ಕರೆದಿದ್ದ

ಮಾದೇವಿ ಅತ್ತಿಗೆ, ನಿಮ್ಮ ಗಂಡ ನನಗೆ ‘ವಾಪಸ್ ಹೋಗು’ ಎಂದು ಸನ್ನೆ ಮಾಡಲೇ ಇಲ್ಲ. ‘ಬಾ’ ಎಂದೇ ಕರೆದಿದ್ದ. ನಾನು ನೋಡಿದೆ — ಸ್ಪಷ್ಟವಾಗಿ ನೋಡಿದೆ — ನೋಡಿಯೂ ಹೆಲಿಕಾಪ್ಟರ್ ತಿರುಗಿಸಿಕೊಂಡು ಬಂದುಬಿಟ್ಟೆ. ಐವತ್ತು ವರ್ಷ ನಿಮಗೆ ಹೇಳುತ್ತ ಬಂದ ಕತೆ ಸುಳ್ಳು.

ಯುದ್ಧದ ಹೊತ್ತಿನಲ್ಲಿ ಗಣಪಣ್ಣ ಶತ್ರುಗಳ ಕರಾವಳಿಯಲ್ಲಿ ದೋಣಿಯ ಆಳಾಗಿ ಸೇರಿಕೊಂಡು ನಮ್ಮ ಸೈನ್ಯಕ್ಕೆ ಸುದ್ದಿ ಕಳಿಸುತ್ತಿದ್ದ. ಮಂಕಿ ಊರಿನ ಮೀನುಗಾರನಿಗೆ ಆ ಕೆಲಸ. ಅವನನ್ನು ಗುಟ್ಟಾಗಿ ವಾಪಸ್ ಕರೆತರುವ ಕೆಲಸ ಹೊಳನಗದ್ದೆಯ ಪೈಲಟ್ ಆದ ನನಗೆ. ಅವನು ಹೊರಡುವ ಮುಂಚೆ ಅಧಿಕಾರಿಗಳು ಹೆಲಿಕಾಪ್ಟರಿಗೆ ಸನ್ನೆ ಮಾಡಲು ಕನ್ನಡಿ, ಹೊಗೆಡಬ್ಬಿ ಎಂದೆಲ್ಲ ಅವನಿಗೆ ಕಲಿಸಿದರು. ಅವರು ಎದ್ದುಹೋದ ಮೇಲೆ ಗಣಪಣ್ಣ ನಕ್ಕ.

“ತಮಾ, ಅದೆಲ್ಲ ಎಲ್ಲಾದ್ರೂ ಕಳ್ದೋಗ್ತದೆ. ನಮ್ಮ ಅಳಿವೆ ಸನ್ನೆನೇ ಸಾಕು. ಆತಾ?”

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ದಡದ ಮೇಲೆ ನಿಂತವನು ದೋಣಿಗಳಿಗೆ ಟುವಾಲಿನಿಂದಲೇ ದಾರಿ ಹೇಳುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ತಲೆಯ ಮೇಲೆ ತಿರುಗಿಸಿದರೆ ಬಾ. ಮೊಣಕಾಲ ಹತ್ತಿರ ಆಚೀಚೆ ಬೀಸಿದರೆ ಮರಳದಿಬ್ಬ ಇದೆ, ಬರಬೇಡ.

ಅವನನ್ನು ಕರೆತರಲು ಹೋದ ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿ ನಾನೊಬ್ಬನೇ. ಕೆಳಗೆ ಕೆಸರಿನ ದಡದಲ್ಲಿ ಅವನೊಬ್ಬನೇ. ಟುವಾಲು ತಲೆಯ ಮೇಲೆ ಗರಗರ ತಿರುಗುತ್ತಿತ್ತು. ದೂರದಲ್ಲಿ ಒಂದು ಜೀಪಿನ ಧೂಳು ಕಂಡಿತು — ತುಂಬ ದೂರದಲ್ಲಿ. ಇಳಿದು ಹತ್ತಿಸಿಕೊಳ್ಳಲು ಸಮಯವಿತ್ತು. ನನಗೆ ಹೆದರಿಕೆಯಾಯಿತು. ಅಷ್ಟೇ. ಅವನು ಟುವಾಲು ತಿರುಗಿಸುತ್ತಲೇ ನೀರಿಗೆ ಇಳಿದು ನನ್ನ ಹಿಂದೆ ಓಡಿದ.

ಮೇಲಿನವರಿಗೆ ಅಳಿವೆಯ ಸನ್ನೆ ವಿವರಿಸಿದವನೂ ನಾನೇ. ಟುವಾಲನ್ನು ಮೊಣಕಾಲ ಹತ್ತಿರ ಬೀಸಿದ, ನನ್ನನ್ನು ವಾಪಸ್ ಕಳಿಸಿದ, ಆಮೇಲೆ ಗುಂಡು ತಗುಲಿ ಬಿದ್ದ ಎಂದೆ. ಅವರಿಗೆ ಅಳಿವೆಯೂ ಗೊತ್ತಿಲ್ಲ, ಟುವಾಲೂ ಗೊತ್ತಿಲ್ಲ, ನಂಬಿದರು. ಯುದ್ಧ ಮುಗಿದ ಮೇಲೆ ಎರಡೂ ಕಡೆಯವರು ಸೆರೆಸಿಕ್ಕ ತಮ್ಮವರ ಹೆಸರು ಹಿಡಿದು ವಿಚಾರಿಸಿದರು. ಗಣಪಣ್ಣನ ಹೆಸರು ಯಾರೂ ಎತ್ತಲಿಲ್ಲ. ಸತ್ತವನನ್ನು ಯಾರು ವಾಪಸ್ ಕೇಳುತ್ತಾರೆ?

ನಿಮ್ಮ ಮನೆಗೆ ಬಂದು ಅದೇ ಕತೆ ಹೇಳಿದೆ. ನೀವು ಬಳೆ ಒಡೆದುಕೊಂಡಿರಿ, ಕುಂಕುಮ ಅಳಿಸಿಕೊಂಡಿರಿ. ಅಳುತ್ತಲೇ ನನ್ನ ಕೈ ಹಿಡಿದು, “ಸಾಯೂವಾಗೂ ನಿನ್ನ ಜೀವ ಉಳ್ಸಿ ಹೋದ್ನಲಾ ತಮಾ” ಎಂದಿರಿ. ಹೌದು ಎಂದೆ. ಅತ್ತಿಗೆ, ಅವತ್ತು ಅವನು ಬದುಕಿದ್ದ.

ಇದು ನನಗೆ ಗೊತ್ತಾದದ್ದು ಹತ್ತು ವರ್ಷದ ಮೇಲೆ, ಭಟ್ಕಳ ಬಂದರಿನಲ್ಲಿ. ಆ ದೇಶದ ಜೈಲಿನಿಂದ ಬಿಡುಗಡೆಯಾಗಿ ಬಂದ ಒಬ್ಬ ಮೀನುಗಾರ ನನ್ನನ್ನು ಹುಡುಕಿಕೊಂಡು ಬಂದಿದ್ದ. ಒಂಬತ್ತು ವರ್ಷ ಗಣಪಣ್ಣ ಅವನ ಜೊತೆಯಲ್ಲೇ ಇದ್ದನಂತೆ; ಜ್ವರ ಬಂದು ತೀರಿಕೊಂಡನಂತೆ. ಕೊನೆಯವರೆಗೂ ಹೇಳುತ್ತಿದ್ದನಂತೆ — “ಆ ಪೋರ ನಮ್ಮ ಕಡೆಯವ್ನು. ಮಂಜಿತ್ತು, ಅವಂಗೆ ನಾ ಕಾಣಲಿಲ್ಲ. ಕಂಡಿದ್ರೆ ಬಿಟ್ಟು ಹೋಗ್ತಿರಲಿಲ್ಲ.”

ಅವತ್ತು ಮಂಜಿರಲಿಲ್ಲ.

“ಅವನ ಹೆಂಡ್ತಿ ಎಲ್ಲಿದ್ದಾಳೆ? ಹೇಳಿ ಬರ್ತೆ” ಎಂದ ಆ ಮೀನುಗಾರ. ನೀವು ಮಂಕಿಯಲ್ಲೇ ಇದ್ದಿರಿ, ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ. “ಅವರೆಲ್ಲ ಮುಂಬೈಗೆ ಹೋದರು, ವಿಳಾಸ ಗೊತ್ತಿಲ್ಲ” ಎಂದು ಅವನನ್ನು ಸಾಗಹಾಕಿದೆ. ಮೊದಲನೆಯ ಸುಳ್ಳು ಹೆದರಿಕೆಯದ್ದು ಎನ್ನಬಹುದು. ಇದು ಹಾಗಲ್ಲ — ಚಹಾ ಕುಡಿಯುತ್ತ, ಆರಾಮಾಗಿ ಕೂತು ಹೇಳಿದ್ದು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವರು ನೀವಿಬ್ಬರು.

ನಿಮಗೆ ಓದಲು ಬಾರದು. ಅದಕ್ಕೇ ಇಷ್ಟು ದಿಟ್ಟವಾಗಿ ಬರೆದೆನೋ ಏನೋ — ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾಳೆ ಇದನ್ನು ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ನೀವು ಎಂದಿನಂತೆ, “ಕೈಕಾಲು ತೊಳ್ಕೊ ತಮಾ, ಮೊದ್ಲು ಉಣ್ಣು” ಎನ್ನುತ್ತೀರಿ. ಊಟಕ್ಕೆ ಕೂರುವ ಮುಂಚೆಯೇ ಓದಿ ಹೇಳುತ್ತೇನೆ. ಆಮೇಲೆ ನೀವು ನನಗೆ ಬಡಿಸಬೇಕಾಗಿಲ್ಲ.