ಬಿಳಿ ಮರಿಗಳಿಗೆ ಹೆಪ್ಪು

ಚಿಮಣಿ ಎಣ್ಣೆಯ ಖಾಲಿ ಡಬ್ಬಿಯನ್ನು ಕೋಲಿನಿಂದ ಬಡಿಯುವ ಸಪ್ಪಳ. ಮುಧೋಳದ ಸಂಜೆ ಅಂದರೆ ನನಗೆ ಅದೇ. ನಮ್ಮ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಹಂದಿ ಸಾಕುವ ಹೆಂಗಸೊಬ್ಬಳು ಡಬ್ಬಿ ಬಡಿದರೆ ಸಾಕು, ಎಲ್ಲೆಲ್ಲೋ ಮೇಯಲು ಹೋದ ಅವಳ ಕರಿ ಹಂದಿಗಳು ಓಡಿ ಬರುತ್ತಿದ್ದವು. ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಲ್ಲಿಗೆ ಓಡುವ ನಮಗಿಂತ ಪಂಕ್ಚುವಲ್.

ಅಪ್ಪ ಅಲ್ಲಿಯ ದನದ ದವಾಖಾನೆಯ ಡಾಕ್ಟರು. ಆಗ ಮುಧೋಳ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಎರಡು ವರ್ಷ ಅರ್ಜಿ ಬರೆದು ಬರೆದು ಅಪ್ಪ ಪುಣೆ ಕಡೆಯಿಂದ ಎಂಟು ಬಿಳಿ ವಿಲಾಯತಿ ಹಂದಿಮರಿಗಳನ್ನು ತರಿಸಿದ್ದರು. ಇವು ಬದುಕಿದರೆ ಅಪ್ಪನ ಬಿಳಿ ಹಂದಿ ಸಾಕಣೆಯ ಸ್ಕೀಮು ನಡೆಯುತ್ತದೆ, ಸತ್ತರೆ ಫೈಲು ಮುಚ್ಚುತ್ತದೆ. ಮೊಲೆ ಬಿಡಿಸಿ ಬಹಳ ದಿನ ಆಗಿರಲಿಲ್ಲ. ರಜೆಗೆ ಬಂದಿದ್ದ ನಾನು ಹೈಜೀನ್‌ನಲ್ಲಿ ಕ್ಲಾಸಿಗೇ ಫಸ್ಟ್. ಸಿಮೆಂಟಿನ ಗೂಡನ್ನು ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ತಿಕ್ಕಿಸಿದೆ. ಮರಿಗಳಿಗೂ ಸೋಪು ಹಚ್ಚಿ ಸ್ನಾನ ಮಾಡಿಸಿದೆ.

ವಾರದೊಳಗೆ ಭೇದಿ ಶುರುವಾಯಿತು. ಅಪ್ಪ ಸಲ್ಫಾ ಗುಳಿಗೆ ಅರೆದು ಕುಡಿಸಿದರು. ಆದರೂ ಎರಡು ಸತ್ತವು.

ಡಬ್ಬಿಯ ಹೆಂಗಸು ಬೇಲಿಯಾಚೆ ನಿಂತು ನೋಡುತ್ತಿದ್ದಳು.

“ಸಾಹೇಬ್ರ, ಇವಕ್ಕ ತಾಯಿ ಮಲಗಿದ ಮಣ್ಣು ಮೂಸಿ ಗೊತ್ತಿಲ್ರಿ. ಹೊಟ್ಟಿ ಅಂದ್ರ ಖಾಲಿ ಮನಿ ಆಗೇತಿ. ಯಾವ ಕಳ್ಳ ಬೇಕಾದ್ರೂ ಹೊಕ್ಕು ಕುಂದರ್ತಾನ. ನನ್ನ ಮುದಿ ಹಂದಿ ಗೂಡಿನ ಮಣ್ಣು, ಅದರ ಲದ್ದಿ ಒಂದೀಟು ಹಾಕ್ರಿ.”

“ಹೊಲಸು ತಿನ್ನಿಸಿ ರೋಗ ಬಿಡಸ್ತೀಯೇನು?” ಅಂದರು ಅಪ್ಪ.

“ನೀವು ಕುಡಸೋದೇನು ಶ್ರೀಖಂಡ ಐತೇನ್ರಿ?”

ಹಂದಿ ಕಂಡರೆ ಮುಖ ತಿರುಗಿಸುತ್ತಿದ್ದ ಅವ್ವ ಅಡಿಗೆಮನೆಯ ಬಾಗಿಲಿಂದಲೇ ಅಂದಳು: “ಆಕಿ ಹೇಳೋದು ಖರೆ ಅದ. ಹೆಪ್ಪು ಹಾಕದ ಹಾಲು ಇಟ್ಟರ ಕೆಟ್ಟ ನಾರತದ, ಮೊಸರು ಆಗೂದಿಲ್ಲ.”

ಅಪ್ಪ ಮನಸ್ಸು ಗಟ್ಟಿ ಮಾಡಿಕೊಂಡು ಅವಳ ಗುಡಿಸಲಿಗೆ ಹೋಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿತ್ತು. ನಾನು ಬಕೆಟ್ ಹಿಡಿದು ಹಿಂದೆ.

“ಈಗ ಕೊಡಂಗಿಲ್ರಿ,” ಅಂದಳು ಅವಳು. “ದೀಪ ಹಚ್ಚಿದ ಮ್ಯಾಲ ಹೆಪ್ಪು ಯಾರು ಕೊಡ್ತಾರ? ನಿಮ್ಮ ಮನ್ಯಾಗ ಅಮ್ಮಾರನ್ನ ಕೇಳ್ರಿ.”

ಅವ್ವನನ್ನು ಕೇಳಿದೆವು. “ನಾನಾದ್ರೂ ಕೊಡತಿದ್ದಿಲ್ಲ,” ಅಂದಳು. ಹೀಗೆ ಬಾಂಬೆಯಲ್ಲಿ ಕಲಿತ ವೆಟರ್ನರಿ ಡಾಕ್ಟರು ಬೆಳಗಾಗುವುದನ್ನು ಕಾಯುತ್ತ ಕೂತರು. ಬೆಳಗಿಗೆ ಇನ್ನೊಂದು ಮರಿ ಹೋಗಿತ್ತು.

ಬಿಸಿಲು ಬೀಳುವ ಮೊದಲೇ ಅವಳು ಬುಟ್ಟಿ ತುಂಬ ಮಣ್ಣು, ಲದ್ದಿ ತಂದು ನಮ್ಮ ಮರಿಗಳ ಗೂಡಿನಲ್ಲಿ ಸುರುವಿದಳು. ನನ್ನ ಫಿನಾಯಿಲ್ ಬಾಟ್ಲಿಯನ್ನು ಅಪ್ಪ ಕಪಾಟಿಗಿಟ್ಟು ಕೀಲಿ ಹಾಕಿದರು. ಮರಿಗಳು ಮಣ್ಣು ಮೂಸಿದವು, ನೆಕ್ಕಿದವು, ಅದರಲ್ಲೇ ಹೊರಳಿದವು. ನಾಲ್ಕು ದಿನಕ್ಕೆ ಭೇದಿ ನಿಂತಿತು. ಐದೂ ಉಳಿದವು. ಒಳ್ಳೆಯ ಬ್ಯಾಕ್ಟೀರಿಯಾ ಕರುಳಿನಲ್ಲಿ ಮೊದಲೇ ಜಾಗ ಹಿಡಿದರೆ ಕೆಟ್ಟವಕ್ಕೆ ನೆಲೆ ಸಿಗುವುದಿಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಒಂದು ಮ್ಯಾಗಝೀನಿನಲ್ಲಿ ಓದಿದೆ.

ರಿಪೋರ್ಟನ್ನು ಅಪ್ಪ ಹೇಳಿದರು, ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ ನಾನು ಬರೆದೆ. ಸಲ್ಫಾ ಚಿಕಿತ್ಸೆಯಿಂದ ಗುಣ. ಮಣ್ಣಿನ ಮಾತಿರಲಿಲ್ಲ. “ಬರೀಬೇಕಲ್ಲಪ್ಪಾ?” ಅಂದೆ. “ಸ್ಕೀಮು ನಡೀಬೇಕಲ್ಲವಾ,” ಅಂದರು.

ಸ್ಕೀಮು ನಡೆಯಿತು. ಐದೂ ಮರಿಗಳನ್ನು ಬೆಳಗಾವಿ ಕಡೆಯ ಹೊಸ ಫಾರ್ಮಿಗೆ ಒಯ್ಯಲು ಲಾರಿ ಬಂತು. ನನ್ನ ರಜೆಯೂ ಮುಗಿದಿತ್ತು, ನಾನು ಮುಂದಿನ ಸೀಟಿನಲ್ಲಿ ಕೂತೆ. ಹೊರಡುವಾಗ ಡಬ್ಬಿಯ ಹೆಂಗಸು ಓಡಿ ಬಂದು ಅರಿವೆಯಲ್ಲಿ ಕಟ್ಟಿದ ಮಣ್ಣಿನ ಗಂಟೊಂದನ್ನು ಮರಿಗಳ ಪಂಜರದೊಳಗೆ ತೂರಿಸಿದಳು. “ಅಲ್ಲೀನೂ ಸಿಮೆಂಟ್ ಇರತೈತಿ,” ಅಂದಳು. ಮರಿಗಳನ್ನು ಒಯ್ಯಲು ಲಾರಿಯ ಜೊತೆ ಬಂದಿದ್ದ ಜವಾನ ಮೂಗು ಮುಚ್ಚಿಕೊಂಡು ಗಂಟನ್ನು ಎಳೆದು ರಸ್ತೆಗೆಸೆದ. ಅಪ್ಪ ಕಾಗದಕ್ಕೆ ಸಹಿ ಮಾಡುತ್ತಿದ್ದರು. ನಾನು ಯುನಿಫಾರ್ಮ್ ಹಾಕಿಕೊಂಡು ಕೂತಿದ್ದೆ, ತಡೆಯಲಿಲ್ಲ.

ಲಾರಿ ಹೊರಳುವಾಗ ಅವಳು ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ ಮಣ್ಣನ್ನು ಎರಡೂ ಕೈಯಿಂದ ಬಾಚಿ ಅರಿವೆಗೆ ಹಾಕುತ್ತಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕಡೆಯ ಸಲ.