ಬ್ರೈನಾಳ ಮನೆಗೆ ಬಂದ ವೇಷ

ಕ್ರಿಸ್‌ಮಸ್ ಹಿಂದಿನ ಸಂಜೆ ಪೋಲೆಂಡಿನ ಆ ಊರಿನ ಯಹೂದಿಗಳೆಲ್ಲ ಹಬ್ಬದ ಗುಂಪುಗಳ ದಾಂಧಲೆಗೆ ಹೆದರಿ ಕದ ಹಾಕಿಕೊಂಡು ಒಳಗಿರುತ್ತಿದ್ದರು. ವಿಧವೆ ಬ್ರೈನಾ ಮಾತ್ರ ಬಾಗಿಲು ತೆರೆದಿಡುತ್ತಿದ್ದಳು. ಪಕ್ಕದ ಮನೆಯ ಕ್ರೈಸ್ತ ಹೆಂಗಸು ಹೆರಿಗೆಯಲ್ಲಿ ತೀರಿಕೊಂಡಾಗ, ಅವಳ ಕೂಸು ವಿತೆಕ್‌ಗೆ ತನ್ನ ಮಗಳ ಜೊತೆಗೇ ಎದೆಹಾಲು ಕುಡಿಸಿ ಬದುಕಿಸಿದವಳು ಅವಳು. ಹಬ್ಬದ ಹಾಡು ಹೇಳುತ್ತ ಮನೆಮನೆಗೆ ಬರುವ ಗುಂಪಿನಲ್ಲಿ ಅವನೂ ಇರುತ್ತಿದ್ದ, ಅವಳ ಗಸಗಸೆ ರೊಟ್ಟಿ ತಿಂದು ಹೋಗುತ್ತಿದ್ದ.

ಅವನಿಗೆ ಮೀಸೆ ಬಂದ ವರ್ಷ ಗುಂಪಿನಲ್ಲಿ ದೇವದೂತ, ಸೈತಾನ, ರಾಜ, ಜೊತೆಗೊಂದು ಗೂನುಬೆನ್ನಿನ ಯಹೂದಿ ವೇಷ ಬಂತು. ಆ ವೇಷ ಪ್ರತಿ ವರ್ಷ ಇರುವುದೇ. ಆದರೆ ಈ ಸಲ ಅದು ಎಡಗಾಲು ಎಳೆದು ನಡೆಯಿತು, ಮಾತಿನ ನಡುನಡುವೆ ಮೂಗೆಳೆಯಿತು. ಬ್ರೈನಾಳ ಸತ್ತ ಗಂಡ ಗೆಟ್ಸೆಲ್ ಥೇಟ್ ಹಾಗೇ ಇದ್ದ. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು.

ಅವಳು ಆಡಿನ ಕೂದಲಿನ ಗಡ್ಡ ಹಿಡಿದೆಳೆದಳು. ಒಳಗಿದ್ದವನು ವಿತೆಕ್.

"ನಿನ್ನನ್ನ ತೊಡೆ ಮೇಲೆ ಆಡಿಸಿದೋನಲ್ವೇನೋ ಅವನು?"

"ತಮಾಷೆಗಲ್ವಾ ಅಮ್ಮಾ! ಎಲ್ರೂ ನಗ್ತಿದ್ದಾರೆ, ನೀನೂ ನಗು. ರೊಟ್ಟಿ ಎಲ್ಲಿ?"

ಬೀದಿಯ ಜನ ಅವಳನ್ನೇ ನೋಡುತ್ತಿದ್ದರು. ಕೊಡದಿದ್ದರೆ ಏನಾದೀತೋ ಎಂದು ಹೆದರಿ ಕೊಟ್ಟಳು. ಅವನಿಗೆ ಹೆದರಿ ಉಣ್ಣಿಸಿದ್ದು ಅದೇ ಮೊದಲು.